ಜಿಸಿಸಿ ಕಂಪೈಲರ್ ರಿವ್ಯೂ: ಓ2 ಧೈರ್ಯವಾಗಿ ಬಳಸಿ, ಓಫಾಸ್ಟ್ ಹಾಕೋ ಮೊದ್ಲು ಇದನ್ನೊಮ್ಮೆ ಓದಿ

ನಾನು ಕಾಸರಗೋಡಿನ ಬದಿಯಡ್ಕ ಹತ್ರದವ. ಅಡಿಕೆ ತೋಟದಲ್ಲಿ ಮಳೆ, ತೇವಾಂಶ, ಉಷ್ಣತೆ ಅಳೆಯುವ ಸಣ್ಣ ಸ್ಟೇಶನ್ ಇಡೋದು, ಅದರ ಸಾಫ್ಟ್‌ವೇರ್ ನೋಡಿಕೊಳ್ಳೋದು ನನ್ನ ಕೆಲ್ಸ. ಎಲ್ಲ ಸಿ ಮತ್ತೆ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದು, ಬಿಲ್ಡ್ ಆಗೋದು, ಅಂದ್ರೆ ಬರೆದ ಕೋಡ್ ಓಡುವ ಪ್ರೋಗ್ರಾಮ್ ಆಗೋದು, ಜಿಸಿಸಿ ಅನ್ನುವ ಕಂಪೈಲರಲ್ಲಿ. ದಿನಾ ಬೆಳಗಾದ್ರೆ ಮುಟ್ಟುವ ಸಾಮಾನು ಇದು, ಹಾಗಾಗಿ ಬರೆಯುವಷ್ಟು ಪರಿಚಯ ಉಂಟು. ಇಡೀ ಕಂಪೈಲರಿನ ಕಥೆ ಹೇಳ್ಲಿಕ್ಕೆ ಹೋಗುದಿಲ್ಲ, ಅದರ ಆಪ್ಟಿಮೈಸೇಶನ್ ಸೆಟ್ಟಿಂಗ್, ಅಂದ್ರೆ ಪ್ರೋಗ್ರಾಮ್ ಬೇಗ ಓಡುವ ಹಾಗೆ ಮಾಡುವ ಸೆಟ್ಟಿಂಗ್ ಬಗ್ಗೆ ಮಾತ್ರ ಹೇಳ್ತೇನೆ, ಯಾಕಂದ್ರೆ ಈಗ ಯಾರ ಮೇಕ್‌ಫೈಲ್ (ಹೇಗೆ ಬಿಲ್ಡ್ ಮಾಡ್ಬೇಕು ಅಂತ ಬರೆದಿಡುವ ಫೈಲ್) ತೆಗೆದು ನೋಡಿದ್ರೂ ಓಫಾಸ್ಟ್, ಮಾರ್ಚ್ ನೇಟಿವ್ ಅಂತ ಎಲ್ಲಿಂದಲೋ ಕಾಪಿ ಮಾಡಿ ಹಾಕಿರ್ತಾರೆ, ಎಂತಕ್ಕೆ ಅಂತ ಕೇಳಿದ್ರೆ ಸ್ಪೀಡಿಗೆ ಅಂತ ಒಂದೇ ಉತ್ತರ.

ಮಾರ್ಕು ಮೊದ್ಲೇ ಕೊಟ್ಟುಬಿಡ್ತೇನೆ. ಕಂಪೈಲರಿಗೆ ಐದಕ್ಕೆ ಐದು. 1987ರಲ್ಲಿ ರಿಚರ್ಡ್ ಸ್ಟಾಲ್ಮನ್ ಹೊರಗೆ ಬಿಟ್ಟದ್ದು, ಇವತ್ತಿಗೂ ಒಂದು ಪೈಸೆ ಕೊಡ್ಲಿಕ್ಕಿಲ್ಲ, ಲಿನಕ್ಸ್ ಕರ್ನಲ್ಲಿಂದ ಹಿಡಿದು ನಮ್ಮ ಸಣ್ಣ ಬೋರ್ಡಿನ ತನಕ ಎಲ್ಲದಕ್ಕೂ ಆಗ್ತದೆ. ಸೆಟ್ಟಿಂಗ್ ಲೆಕ್ಕದಲ್ಲಿ ಓ2ಕ್ಕೆ ಐದು, ಓ3ಕ್ಕೆ ಮೂರು, ಮಾರ್ಚ್ ನೇಟಿವ್‌ಗೆ ಎರಡು, ಓಫಾಸ್ಟ್‌ಗೆ ಒಂದು. ಆ ಒಂದು ಮಾರ್ಕು ಕೂಡ ಆಡಿಯೋ, ಗೇಮ್ ಮಾಡುವವ್ರನ್ನು ನೆನೆಸಿ ಕೊಟ್ಟದ್ದು.

ಗೊತ್ತಿಲ್ಲದವ್ರಿಗೆ ಚೂರು ಹೇಳ್ತೇನೆ. ನಾವು ಬರೆದ ಕೋಡನ್ನು ಕಂಪೈಲರ್ ಮಿಶಿನ್ನಿಗೆ ಅರ್ಥ ಆಗುವ ಹಾಗೆ ಮಾಡುವಾಗ ಎಷ್ಟು ತಲೆ ಓಡಿಸ್ಬೇಕು ಅಂತ ನಾವೇ ಹೇಳ್ಬಹುದು. ಓ0 ಅಂದ್ರೆ ಬರೆದದ್ದು ಬರೆದ ಹಾಗೆ. ಓ1, ಓ2, ಓ3 ಅಂತ ಮೇಲೆ ಹೋದ ಹಾಗೆ ಅದು ಕೋಡನ್ನು ಹೆಚ್ಚು ಹೆಚ್ಚು ತಿರುಗಿಸಿ ಬರೀತದೆ. ಇದಿಷ್ಟೂ ಸಿ ಭಾಷೆಯ ನಿಯಮದ ಒಳಗೇ ನಡೆಯೋದು. ಓಫಾಸ್ಟ್ ಮಾತ್ರ ಬೇರೆ ಜಾತಿ, 2011ರಲ್ಲಿ ಜಿಸಿಸಿ 4.6ರ ಜೊತೆ ಬಂದದ್ದು, ಅದು ಓ3ರ ಮೇಲೆ ಫಾಸ್ಟ್-ಮ್ಯಾತ್ ಅನ್ನುವ ಸೆಟ್ಟಿಂಗನ್ನೂ ಸೇರಿಸ್ತದೆ, ಅಂದ್ರೆ ದಶಾಂಶ ಪಾಯಿಂಟ್ ಇರುವ ಲೆಕ್ಕದ ನಿಯಮವನ್ನು ಮೀರ್ಲಿಕ್ಕೆ ಪರ್ಮಿಶನ್ ಕೊಡ್ತದೆ. ಹೆಸರು ನೋಡಿದ್ರೆ ಓ3ಕ್ಕಿಂತ ಒಂದು ಮೆಟ್ಟಿಲು ಮೇಲೆ ಅಂತ ಕಾಣ್ತದೆ, ಹಾಗಾಗಿಯೇ ಜನ ಹಾಕೋದು. ನನ್ನ ದೊಡ್ಡ ತಕರಾರು ಇದೇ.

ಕುಂಬಳೆಯ ಒಬ್ಬ ಹುಡುಗ, ಇಂಜಿನಿಯರಿಂಗ್ ಮುಗಿಸಿ ನನ್ನ ಜೊತೆ ಕೆಲ್ಸಕ್ಕೆ ಬರ್ತಾ ಇದ್ದವ, ಕೇಳಿದ, "ಅಣ್ಣಾ, ಓಫಾಸ್ಟ್ ಹಾಕಿದ್ರೆ ಸ್ಪೀಡ್ ಪುಕ್ಕಟೆ ಸಿಗ್ತದಲ್ವಾ, ನಾವ್ಯಾಕೆ ಬಿಡೋದು?" ಅಂತ. "ಪುಕ್ಕಟೆ ಅಲ್ಲ ಮಾರಾಯ, ನಿನ್ನ ಹತ್ರ ಏನೇನೋ ಮಾತು ತಗೊಂಡೇ ಅದು ಸ್ಪೀಡ್ ಕೊಡೋದು" ಅಂದೆ. ಬ್ಯಾಂಕಲ್ಲಿ ಓದದೆ ಸೈನ್ ಹಾಕಿದ ಕಾಗದದ ಹಾಗೆ ಇದು, ಎಂತದಕ್ಕೆ ಒಪ್ಪಿದ್ದು ಅಂತ ಮೊದ್ಲು ಓದ್ಬೇಕು. ಬಾಯಲ್ಲಿ ಹೇಳಿದ್ರೆ ಅವನಿಗೆ ನಂಬಿಕೆ ಬರ್ಲಿಲ್ಲ, ಹಾಗಾಗಿ ಇಬ್ರೂ ಕೂತು ನೋಡಿದ್ದನ್ನೇ ಇಲ್ಲಿ ಬರೀತೇನೆ.

ನಮ್ಮ ಸ್ಟೇಶನ್ನಿನ ತೇವಾಂಶದ ಸೆನ್ಸರ್ ರೀಡಿಂಗ್ ಕೊಡದೇ ಇದ್ರೆ ಅದರ ಲೈಬ್ರರಿ, ಅಂದ್ರೆ ಅದಕ್ಕೆ ಬರೆದಿಟ್ಟ ರೆಡಿಮೇಡ್ ಕೋಡ್, ನ್ಯಾನ್ ಅಂತ ಕಳಿಸ್ತದೆ, ಇದು ನಂಬರ್ ಅಲ್ಲ ಅನ್ನುವ ಗುರ್ತು ಅದು. ತೋಟದಲ್ಲಿ ಇದು ಆಗ್ತಾನೇ ಇರ್ತದೆ, ಅಳಿಲು ವಯರ್ ಕಚ್ಚುತ್ತದೆ, ಇರುವೆ ಪೆಟ್ಟಿಗೆ ಒಳಗೆ ಗೂಡು ಕಟ್ಟುತ್ತದೆ, ಜೂನ್ ಜುಲೈಯಲ್ಲಿ ಕನೆಕ್ಟರಿಗೆ ನೀರು ಹೋಗ್ತದೆ. ಹಾಗಾಗಿ ಕೋಡಲ್ಲಿ ಬಂದ ರೀಡಿಂಗ್ ನ್ಯಾನಾ ಅಂತ ಕೇಳ್ತೇವೆ, ಹೌದಾದ್ರೆ ಬಿಟ್ಟು ಮುಂದೆ ಹೋಗ್ತೇವೆ. ಕೇಳ್ಲಿಕ್ಕೆ ಇಸ್‌ನ್ಯಾನ್ ಅನ್ನುವ ಫಂಕ್ಷನ್ ಉಂಟು, ಎಲ್ರೂ ಅದನ್ನೇ ಬಳಸೋದು.

ಆ ಒಂದು ಫಂಕ್ಷನ್ನನ್ನು ಮಾತ್ರ ಬೇರೆ ಫೈಲಿಗೆ ಹಾಕಿ ಓ2ದಲ್ಲಿ ಕಂಪೈಲ್ ಮಾಡಿ ಅಸೆಂಬ್ಲಿ, ಅಂದ್ರೆ ಕಂಪೈಲರ್ ಮಾಡಿದ ಮಿಶಿನ್ ಕೋಡಿನ ಓದ್ಬಹುದಾದ ರೂಪ, ತೆಗೆದು ನೋಡಿದ್ರೆ ಸರಿಯಾಗಿ ಉಂಟು, ನಂಬರನ್ನು ಅದಕ್ಕೇ ಹೋಲಿಸ್ತದೆ, ನ್ಯಾನ್ ಅಂದ್ರೆ ತನಗೆ ತಾನೇ ಸಮ ಅಲ್ಲದ್ದು, ಅದನ್ನು ಹಿಡಿದು ಹೌದು ಅಲ್ಲ ಅಂತ ಉತ್ತರ ಕೊಡ್ತದೆ. ಈಗ ಫಾಸ್ಟ್-ಮ್ಯಾತ್ ಸೇರಿಸಿ ಇನ್ನೊಮ್ಮೆ ಮಾಡಿ. ಹೋಲಿಕೆಯೇ ಇಲ್ಲ! ಉಳಿದದ್ದು ಎರಡೇ ಸಾಲು, ಒಂದು ರಿಜಿಸ್ಟರನ್ನು (ಪ್ರೊಸೆಸರ್ ಒಳಗೆ ನಂಬರ್ ಇಡುವ ಜಾಗ) ಸೊನ್ನೆ ಮಾಡೋದು, ಇನ್ನೊಂದು ವಾಪಸ್ ಹೋಗೋದು. ಅಂದ್ರೆ ಎಂತ ಕೊಟ್ಟರೂ ಉತ್ತರ ಅಲ್ಲ ಅಂತಲೇ. ಯಾಕಂದ್ರೆ ಫಾಸ್ಟ್-ಮ್ಯಾತ್ ಒಳಗೆ ಫೈನೈಟ್-ಮ್ಯಾತ್-ಓನ್ಲಿ ಅಂತ ಒಂದು ಉಂಟು, ನನ್ನ ಪ್ರೋಗ್ರಾಮಲ್ಲಿ ನ್ಯಾನೂ ಇಲ್ಲ ಇನ್ಫಿನಿಟಿಯೂ ಇಲ್ಲ ಅಂತ ನಾವು ಕೊಟ್ಟ ಮಾತು ಅದು. ಇಲ್ಲದ್ದನ್ನು ಯಾಕೆ ಹುಡುಕೋದು ಅಂತ ಕಂಪೈಲರ್ ಹುಡುಕೋದನ್ನೇ ತೆಗೆದು ಹಾಕ್ತದೆ. ನನ್ನ ಲ್ಯಾಪ್‌ಟಾಪಲ್ಲಿ ಇರೋದು ಉಬುಂಟು 22.04, ಅದರ ಜಿಸಿಸಿ 11, ವಾರ್ನಿಂಗ್ ಎಲ್ಲ ಆನ್ ಮಾಡಿದ್ರೂ ಇದಕ್ಕೆ ಒಂದು ವಾರ್ನಿಂಗ್ ಬರೂದಿಲ್ಲ.

ಆಮೇಲೆ ಎಂತ ಆಗ್ತದೆ ನೋಡಿ. ಒಂದು ನ್ಯಾನ್ ಮೊತ್ತಕ್ಕೆ ಸೇರಿದ್ರೆ ಮೊತ್ತ ನ್ಯಾನ್, ಆವರೇಜ್ ನ್ಯಾನ್, ಆ ದಿನದ ಲೆಕ್ಕ ಪೂರ್ತಿ ಹೋಯ್ತು. ಅದು ಕಣ್ಣಿಗೆ ಕಾಣ್ತದೆ ಬಿಡಿ. ಕಾಣದೇ ಇರೋದು ಇನ್ನೊಂದು. ತೇವಾಂಶ 90 ಅಥವಾ ಮೇಲೆ ಇದ್ರೆ ಮೆಸೇಜ್ ಕಳಿಸು ಅಂತ ಬರೆದಿರ್ತೇವೆ, ನಿಯಮದ ಪ್ರಕಾರ ನ್ಯಾನ್ ಜೊತೆ ಈ ಹೋಲಿಕೆ ಯಾವಾಗ್ಲೂ ಸುಳ್ಳಾಗ್ಬೇಕು, ಮೆಸೇಜ್ ಹೋಗ್ಬಾರ್ದು. ಫಾಸ್ಟ್-ಮ್ಯಾತ್‌ನಲ್ಲಿ ಕಂಪೈಲರ್ ಅದನ್ನೇ ತಿರುಗಿಸಿ 90ಕ್ಕಿಂತ ಕಮ್ಮಿ ಅಲ್ಲದಿದ್ರೆ ಅಂತ ಬರೆಯಬಹುದು, ಆಗ ನ್ಯಾನ್ ಬಂದ್ರೆ ಮೆಸೇಜ್ ಹೋಗ್ತದೆ. ಯಾವ ರೀತಿ ಬರೀತದೆ ಅಂತ ನಾವು ಹೇಳ್ಲಿಕ್ಕಾಗೂದಿಲ್ಲ, ಕಂಪೈಲರ್ ವರ್ಶನ್ ಬದಲಾದ್ರೆ, ಅಕ್ಕಪಕ್ಕದ ಒಂದು ಸಾಲು ಬದಲಾದ್ರೆ, ಅದೂ ಬದಲಾಗ್ಬಹುದು.

ಇದು ಬರೀ ನಂಬರ್ ಆಟ ಅಲ್ಲ ನಮಗೆ. ಕಾಸರಗೋಡಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಅದರ ದೊಡ್ಡ ಪಾಲು ಜೂನಿಂದ ಸೆಪ್ಟೆಂಬರ್ ಒಳಗೆ. ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡೋದು ಮಳೆ ಶುರು ಆಗೋ ಮೊದ್ಲು ಒಂದು ಸಲ, ಮತ್ತೆ 40-45 ದಿನ ಬಿಟ್ಟು ಇನ್ನೊಂದು ಸಲ, ಅದೂ ಮಳೆ ಬಿಟ್ಟ ಹೊತ್ತು ನೋಡಿ. ಮರ ಹತ್ತುವ ಜನ ಸಿಗೋದೇ ಕಷ್ಟ, ಸಿಕ್ಕಿದ ದಿನ ತಪ್ಪಿದ್ರೆ ಮತ್ತೆ ಅವ್ರು ಯಾವಾಗ ಬರ್ತಾರೋ. ಮೈಲುತುತ್ತು ಸುಣ್ಣದ ರೇಟು ಬೇರೆ. ತೋಟದವ್ರು ನಮ್ಮ ಮೆಸೇಜ್ ನೋಡಿ ನಾಳೆ ಮದ್ದು ಬಿಡುವ ಅಂತ ತೀರ್ಮಾನ ಮಾಡುವಾಗ ಆ ಮೆಸೇಜಿನ ಹಿಂದೆ ಇರುವ ಚೆಕ್ಕನ್ನು ಕಂಪೈಲರ್ ತೆಗೆದು ಹಾಕಿದ್ರೆ ಅದು ನಾವು ಅವ್ರಿಗೆ ಮಾಡಿದ ಅನ್ಯಾಯ ಅಂತಲೇ ನನ್ನ ಲೆಕ್ಕ.

ಹಾಗಾದ್ರೆ ಸ್ಪೀಡ್ ಎಷ್ಟು ಸಿಕ್ಕಿತು ಅಂತ ಕೇಳಿದ್ರೆ, ನಮ್ಮ ಕೆಲ್ಸಕ್ಕೆ ಕಣ್ಣಿಗೆ ಕಾಣುವಷ್ಟು ಎಂತದ್ದೂ ಇಲ್ಲ. ಪ್ರೋಗ್ರಾಮಿನ ಹೆಚ್ಚಿನ ಹೊತ್ತು ಹೋಗೋದು ಸೆನ್ಸರ್ ಉತ್ತರಕ್ಕೆ ಕಾಯೋದ್ರಲ್ಲಿ, ನೆಟ್ವರ್ಕಿಗೆ ಕಾಯೋದ್ರಲ್ಲಿ, ಫೈಲ್ ಬರೆಯೋದ್ರಲ್ಲಿ. ಅಲ್ಲಿ ಕಂಪೈಲರ್ ಎಂತ ಮಾಡ್ಲಿಕ್ಕುಂಟು?

ಮಳೆ ಮೊತ್ತದ್ದೂ ಒಂದು ಕಥೆ ಉಂಟು. ಟಿಪ್ಪಿಂಗ್ ಬಕೆಟ್ ಮಳೆಮಾಪಕ ಒಂದೊಂದು ಸಲ ಮಗುಚಿದಾಗ್ಲೂ 0.2 ಮಿಲಿಮೀಟರ್ ಸೇರಿಸ್ತದೆ. ಸಣ್ಣ ಬೋರ್ಡಲ್ಲಿ ಸಿಂಗಲ್ ಪ್ರಿಸಿಶನ್ ಫ್ಲೋಟ್, ಅಂದ್ರೆ ಸ್ವಲ್ಪವೇ ಅಂಕೆ ಹಿಡಿಯುವ ಪಾಯಿಂಟ್ ನಂಬರ್, ದೊಡ್ಡ ಮೊತ್ತಕ್ಕೆ ಸಣ್ಣ ನಂಬರ್ ಸೇರಿಸ್ತಾ ಹೋದ್ರೆ ಪ್ರತಿ ಸಲ ತುದಿಯಲ್ಲಿ ಚೂರು ಚೂರು ಉದುರಿ ಹೋಗ್ತದೆ. ಉದುರಿದ್ದನ್ನು ಎತ್ತಿ ಇಟ್ಟು ಮುಂದಿನ ಸಲ ಸೇರಿಸುವ ವಿಧಾನವನ್ನು ವಿಲಿಯಂ ಕಹಾನ್ 1965ರಲ್ಲಿ ಕೊಟ್ಟದ್ದು, ಫ್ಲೋಟಿಂಗ್ ಪಾಯಿಂಟ್ ನಿಯಮ ಐಟ್ರಿಪಲ್‌ಇ 754ರ ಹಿಂದೆ ಇದ್ದವರೂ ಅವ್ರೇ, ಅದು ಬಂದದ್ದು 1985ರಲ್ಲಿ. ನಾಲ್ಕೇ ಸಾಲು ಕೋಡ್, ಬಹಳ ಚಂದ. ಆದ್ರೆ ಶಾಲೆಯ ಬೀಜಗಣಿತ ಹಾಕಿ ನೋಡಿದ್ರೆ ಆ ಎತ್ತಿ ಇಡುವ ಸಾಲಿನ ಉತ್ತರ ಯಾವಾಗ್ಲೂ ಸೊನ್ನೆ. ಫಾಸ್ಟ್-ಮ್ಯಾತ್ ನೋಡೋದು ಅದೇ ಬೀಜಗಣಿತ, ಸೊನ್ನೆ ತಾನೇ ಅಂತ ಆ ಸಾಲನ್ನೇ ಗುಡಿಸಿ ಹಾಕ್ತದೆ. ಉಳಿದದ್ದು ಸಾದಾ ಕೂಡುವ ಲೆಕ್ಕ. ಒಂದು ವರ್ಷದ ಮಳೆಗೆ ಹೆಚ್ಚೆಂದ್ರೆ ಮಿಲಿಮೀಟರ್ ಆಸುಪಾಸಿನ ವ್ಯತ್ಯಾಸ, ತೋಟದವ್ರಿಗೆ ಅದು ಎಂತ ಲೆಕ್ಕವೂ ಅಲ್ಲ, ಸತ್ಯ. ಆದ್ರೆ ಇದೇ ಕೋಡನ್ನು ಯಾರೋ ಸೊಸೈಟಿ ಬಡ್ಡಿ ಲೆಕ್ಕಕ್ಕೆ ಕೊಂಡುಹೋದ್ರೆ?

ಈಗ ಮಾರ್ಚ್ ನೇಟಿವ್. ನೀವು ಬಿಲ್ಡ್ ಮಾಡುವ ಮಿಶಿನ್ನಿನ ಪ್ರೊಸೆಸರಲ್ಲಿ ಏನೇನು ಉಂಟೋ ಅದನ್ನೆಲ್ಲ ಬಳಸು ಅಂತ ಇದರ ಅರ್ಥ. ನಿಮ್ಮದೇ ಮಿಶಿನ್ನಿಗೆ ನೀವೇ ಬಿಲ್ಡ್ ಮಾಡಿ ಅಲ್ಲೇ ಓಡಿಸೋದಾದ್ರೆ ಒಳ್ಳೇದೇ, ನಾನು ಬೇಡ ಅನ್ನೂದಿಲ್ಲ. ಇನ್ನೊಬ್ಬರಿಗೆ ಕೊಡೋದಾದ್ರೆ ಬೇಡ. ನಮ್ಮ ಕಡೆ ಆಫೀಸು, ಅಂಗಡಿ, ಶಾಲೆಗಳಲ್ಲಿ ಹಳೇ ಪೆಂಟಿಯಂ ಸೆಲೆರಾನ್ ಡೆಸ್ಕ್‌ಟಾಪುಗಳು ಇನ್ನೂ ಓಡ್ತಾ ಉಂಟು. ಇಂಟೆಲ್ ಎವಿಎಕ್ಸ್ ಅನ್ನುವ, ಹಲವು ನಂಬರಿನ ಲೆಕ್ಕ ಒಟ್ಟಿಗೆ ಮಾಡುವ ಇನ್‌ಸ್ಟ್ರಕ್ಷನ್‌ಗಳನ್ನು 2011ರಲ್ಲೇ ಕೋರ್ ಪ್ರೊಸೆಸರಿಗೆ ಕೊಟ್ಟಿದ್ರೂ ಪೆಂಟಿಯಂ ಸೆಲೆರಾನಿಗೆ ಅದಾದ ಎಷ್ಟೋ ವರ್ಷ ಕೊಡ್ಲಿಲ್ಲ. ಎವಿಎಕ್ಸ್2 ಬಂದದ್ದು 2013ರಲ್ಲಿ. ಹೊಸ ಲ್ಯಾಪ್‌ಟಾಪಲ್ಲಿ ಮಾರ್ಚ್ ನೇಟಿವ್ ಹಾಕಿ ಮಾಡಿದ ಪ್ರೋಗ್ರಾಮನ್ನು ಅಲ್ಲಿ ಓಡಿಸಿದ್ರೆ ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಅಂತ ಒಂದು ಸಾಲು ಬರ್ತದೆ, ಪ್ರೋಗ್ರಾಮ್ ಅಲ್ಲೇ ಸಾಯ್ತದೆ. ಶುರುವಲ್ಲೇ ಸತ್ತರೆ ಒಳ್ಳೇದು. ಆ ಇನ್‌ಸ್ಟ್ರಕ್ಷನ್ ಇರುವ ಜಾಗಕ್ಕೆ ಬರುವ ತನಕ ಚಂದ ಓಡಿ, ತಿಂಗಳ ಕೊನೆಗೆ ರಿಪೋರ್ಟ್ ಬಟನ್ ಒತ್ತಿದಾಗ ಸಾಯುವ ಸಾಧ್ಯತೆಯೂ ಉಂಟು.

ಸಾಯದೇ ಬೇರೆ ಉತ್ತರ ಕೊಡೋದೂ ಉಂಟು. ಗುಣಿಸಿ ಕೂಡುವ ಎರಡು ಲೆಕ್ಕವನ್ನು ಒಂದೇ ಏಟಿಗೆ ಮಾಡುವ ಎಫ್‌ಎಮ್‌ಎ ಅನ್ನುವ ಇನ್‌ಸ್ಟ್ರಕ್ಷನ್ ಹೊಸ ಪ್ರೊಸೆಸರಲ್ಲಿ ಇರ್ತದೆ, ನಡುವೆ ರೌಂಡ್ ಮಾಡೂದಿಲ್ಲ, ಹಾಗಾಗಿ ಕೊನೆಯ ಅಂಕೆ ಬೇರೆ ಬರ್ಬಹುದು. ಜಿಸಿಸಿ ತನ್ನ ಮಾಮೂಲಿ ಮೋಡಲ್ಲಿ ಇದನ್ನು ಕೇಳದೇ ಬಳಸ್ತದೆ, ಫಾಸ್ಟ್-ಮ್ಯಾತ್ ಇಲ್ಲದಿದ್ರೂ. ಒಂದೇ ಡೇಟಾ, ಒಂದೇ ಕೋಡ್, ಎರಡು ಕಡೆ ಎರಡು ಉತ್ತರ ಅಂತ ತಲೆ ಕೆಡಿಸ್ಕೊಳ್ಳುವವ್ರು ಮೊದ್ಲು ಇದನ್ನು ನೋಡಿ. ಎಫ್‌ಪಿ-ಕಾಂಟ್ರಾಕ್ಟ್ ಆಫ್ ಅಂತ ಹಾಕಿದ್ರೆ ನಿಲ್ತದೆ.

ಓಫಾಸ್ಟ್ ಬಗ್ಗೆ ನನಗೆ ನಿಜಕ್ಕೂ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಒಂದು ಲೈಬ್ರರಿಯನ್ನು ಫಾಸ್ಟ್-ಮ್ಯಾತ್ ಹಾಕಿ ಲಿಂಕ್ ಮಾಡಿದ್ರೆ, ಅದು ಲೋಡ್ ಆಗುವಾಗ್ಲೇ ಪ್ರೊಸೆಸರಿನ ಒಂದು ಕಂಟ್ರೋಲ್ ರಿಜಿಸ್ಟರ್ ಬದಲಾಯಿಸಿ, ಅತಿ ಸಣ್ಣ ನಂಬರುಗಳನ್ನೆಲ್ಲ ಸೊನ್ನೆ ಅಂತ ತಿಳ್ಕೊ ಅಂತ ಹೇಳಿಬಿಡ್ತದೆ. ಅದರ ಸ್ವಂತ ಲೆಕ್ಕಕ್ಕೆ ಮಾತ್ರ ಅಲ್ಲ, ಲೋಡ್ ಮಾಡಿದ ಥ್ರೆಡ್ಡಲ್ಲಿ (ಪ್ರೋಗ್ರಾಮ್ ಒಳಗೆ ಸಾಗುವ ಕೆಲ್ಸದ ಒಂದು ಸರಣಿ) ಓಡುವ ಎಲ್ರ ಲೆಕ್ಕಕ್ಕೂ! ನಿಮ್ಮ ಕೋಡ್ ಓ2ದಲ್ಲಿ ನೀಟಾಗಿ ಬಿಲ್ಡ್ ಆಗಿರ್ಬಹುದು, ಪೈಥಾನಲ್ಲಿ ಎಲ್ಲಿಂದಲೋ ಒಂದು ಪ್ಯಾಕೇಜ್ ಇಂಪೋರ್ಟ್ ಮಾಡಿದ್ರಿ, ಅದನ್ನು ಕಟ್ಟಿದವ ಓಫಾಸ್ಟ್ ಹಾಕಿದ್ದ, ಮುಗೀತು. 2022ರಲ್ಲಿ ಹೀಗೆ ಎಷ್ಟೋ ಪೈಥಾನ್ ಪ್ಯಾಕೇಜುಗಳು ಸಿಕ್ಕಿಬಿದ್ದವು, ಕೆಲವಕ್ಕೆ ಲೆಕ್ಕದ ಸಂಬಂಧವೇ ಇರ್ಲಿಲ್ಲ. ಜಿಸಿಸಿಯವ್ರು 2023ರಲ್ಲಿ 13ನೇ ವರ್ಶನಲ್ಲಿ, ಬೇರೆ ಪ್ರೋಗ್ರಾಮುಗಳು ಲೋಡ್ ಮಾಡುವ ಶೇರ್ಡ್ ಲೈಬ್ರರಿಗೆ ಇದು ಸೇರದ ಹಾಗೆ ಮಾಡಿದ್ರು, ಅದಕ್ಕೆ ಅವ್ರಿಗೆ ಥ್ಯಾಂಕ್ಸ್. ಆದ್ರೆ ನನ್ನ ಜಿಸಿಸಿ 11ರಲ್ಲೂ, ಡೆಬಿಯನ್ 12ರ ಜೊತೆ ಬರುವ ಜಿಸಿಸಿ 12ರಲ್ಲೂ ಹಳೇ ನಡವಳಿಕೆಯೇ. ಕ್ಲ್ಯಾಂಗ್‌ನವ್ರು (ಅದು ಇನ್ನೊಂದು ಕಂಪೈಲರ್) 2024ರಲ್ಲಿ 19ನೇ ವರ್ಶನ್ನಿಂದ ಓಫಾಸ್ಟ್ ಅನ್ನೇ ಡೆಪ್ರಿಕೇಟ್ ಮಾಡಿದ್ದಾರೆ, ಅಂದ್ರೆ ಇನ್ನು ಬಳಸ್ಬೇಡಿ ಅಂದಿದ್ದಾರೆ, ಬೇಕಿದ್ರೆ ಓ3 ಮತ್ತೆ ಫಾಸ್ಟ್-ಮ್ಯಾತ್ ಬೇರೆ ಬೇರೆ ಬರೀರಿ ಅಂತ. ಜಿಸಿಸಿಯವ್ರೂ ಹಾಗೆ ಮಾಡಿದ್ರೆ ನನಗೆ ಬಹಳ ಖುಷಿ. ಎರಡು ಬರೆಯುವಾಗ ಆದ್ರೂ ಮನುಷ್ಯ ಒಂದು ನಿಮಿಷ ಯೋಚನೆ ಮಾಡ್ತಾನೆ.

ಇಷ್ಟೆಲ್ಲ ಹೇಳಿ ಓ2 ಅಂದ್ರೆ ಯಾವ ಅಪಾಯವೂ ಇಲ್ಲ ಅಂತ ತಿಳ್ಕೊಬೇಡಿ. ಸಿ ಭಾಷೆಯ ನಿಯಮದಲ್ಲಿ ಸೈನ್ಡ್ ಇಂಟಿಜರ್ (ಪ್ಲಸ್ ಮೈನಸ್ ಎರಡೂ ಆಗುವ ಪೂರ್ಣ ನಂಬರ್) ತುಂಬಿ ಹರಿಯಬಾರ್ದು, ಹರಿದ್ರೆ ಎಂತ ಬೇಕಾದ್ರೂ ಆಗ್ಬಹುದು. 32 ಬಿಟ್ ಸೈನ್ಡ್ ನಂಬರ್ 2147483647ಕ್ಕೆ ಮುಗೀತದೆ, ಮಿಲಿಸೆಕೆಂಡ್ ಎಣಿಸಿದ್ರೆ 24 ದಿನ ದಾಟಿ 25ನೇ ದಿನ ತುಂಬ್ತದೆ. ಅದಕ್ಕೆ ಜನ ಈಗಿನ ಟೈಮಿಗೆ 100 ಸೇರಿಸಿದ್ರೆ ಈಗಿನದ್ದಕ್ಕಿಂತ ಕಮ್ಮಿ ಬಂತಾ ಅಂತ ಚೆಕ್ ಬರೀತಾರೆ. ಸೇರಿಸಿದ್ದು ಕಮ್ಮಿ ಆಗೋದು ಹೇಗೆ ಅಂತ ಕಂಪೈಲರ್ ಆ ಚೆಕ್ಕನ್ನು ಓ2ದಲ್ಲೇ ತೆಗೀತದೆ. 2009ರಲ್ಲಿ ಲಿನಕ್ಸ್ ಕರ್ನಲ್ಲಿಗೇ ಇಂಥದ್ದೊಂದು ಬಂದಿತ್ತು. ಟನ್ ಅನ್ನುವ ನೆಟ್ವರ್ಕ್ ಡ್ರೈವರಲ್ಲಿ ಒಂದು ಪಾಯಿಂಟರನ್ನು, ಅಂದ್ರೆ ಮೆಮೊರಿಯ ವಿಳಾಸವನ್ನು, ಮೊದ್ಲು ಬಳಸಿ, ಮುಂದಿನ ಸಾಲಲ್ಲಿ ಅದು ನಲ್ಲಾ, ಅಂದ್ರೆ ಖಾಲಿಯಾ ಅಂತ ಕೇಳಿದ್ರು. ಬಳಸಿ ಆಗಿದೆ ಅಂದ್ರೆ ನಲ್ ಇರ್ಲಿಕ್ಕೆ ಸಾಧ್ಯ ಇಲ್ಲ ಅಂತ ಜಿಸಿಸಿ ಚೆಕ್ ತೆಗೆದು ಹಾಕಿತು, ಅದೇ ದಾರಿಯಲ್ಲಿ ಸಿಸ್ಟಮ್ಮಿನ ಒಳಗೆ ನುಗ್ಗುವ ಎಕ್ಸ್‌ಪ್ಲಾಯ್ಟ್ ಬಂತು. ಸಿವಿಇ-2009-1897 ಅನ್ನುವ ಸೆಕ್ಯೂರಿಟಿ ತಪ್ಪಿನ ನಂಬರ್ ಹಾಕಿ ಹುಡುಕಿದ್ರೆ ಸಿಗ್ತದೆ. ಅಲ್ಲಿಂದ ಕರ್ನಲ್ ಬಿಲ್ಡಲ್ಲಿ ನಲ್ ಚೆಕ್ ತೆಗೀಬೇಡ ಅಂತ ಬೇರೆಯೇ ಫ್ಲ್ಯಾಗ್ ಸೇರಿಸಿದ್ರು. ಅಷ್ಟು ದೊಡ್ಡ ಜನರ ಕೋಡಲ್ಲೇ ಹೀಗಾದ್ರೆ ನಾವು ನಮ್ಮ ಕೋಡಲ್ಲಿ ಏನೂ ಇಲ್ಲ ಅಂತ ಯಾವ ಧೈರ್ಯದಲ್ಲಿ ಹೇಳೋದು?

ಇಲ್ಲಿ ಜಿಸಿಸಿಯೇ ಕೊಡುವ ಮದ್ದು ಉಂಟು, ನನ್ನ ಐದು ಮಾರ್ಕಿಗೆ ಮುಖ್ಯ ಕಾರಣ ಅದೇ. 4.8ನೇ ವರ್ಶನಲ್ಲಿ ಅಡ್ರೆಸ್ ಸ್ಯಾನಿಟೈಜರ್, 4.9ರಲ್ಲಿ ಅನ್‌ಡಿಫೈನ್ಡ್ ಬಿಹೇವಿಯರ್ ಸ್ಯಾನಿಟೈಜರ್ ಬಂತು. ಅದನ್ನು ಹಾಕಿ ಟೆಸ್ಟ್ ಓಡಿಸಿದ್ರೆ ಎಲ್ಲಿ ಇಂಟಿಜರ್ ತುಂಬಿ ಹರೀತು, ಎಲ್ಲಿ ಅರೇ (ನಂಬರುಗಳ ಸಾಲು) ದಾಟಿ ಓದಿದ್ದು ಅಂತ ಫೈಲಿನ ಹೆಸರು, ಸಾಲಿನ ನಂಬರ್ ಸಮೇತ ಹೇಳ್ತದೆ. ಆ ಕುಂಬಳೆಯ ಹುಡುಗನಿಗೆ ಅದು ತುಂಬ ಇಷ್ಟ ಆಯ್ತು, ಈಗ ಅವ ಸ್ಯಾನಿಟೈಜರಲ್ಲಿ ಓಡಿಸದೇ ಕೋಡ್ ಕೊಡೂದಿಲ್ಲ. ಡೀಬಗ್ ಮಾಡುವಾಗ, ಅಂದ್ರೆ ತಪ್ಪು ಹುಡುಕುವಾಗ, ವೇರಿಯೇಬಲ್ ಕೇಳಿದ್ರೆ ಆಪ್ಟಿಮೈಸ್ಡ್ ಔಟ್ ಅಂತ ಬಂದು ಬೇಜಾರಾಗೋದಾದ್ರೆ ಓಜಿ ಅಂತ ಒಂದು ಲೆವೆಲ್ ಉಂಟು, ಅದನ್ನು ಹಾಕಿ.

ಓ3ಕ್ಕೆ ಮೂರು ಯಾಕೆ ಅಂದ್ರೆ, ಅದು ನಿಯಮ ಮುರಿಯೂದಿಲ್ಲ, ಸರಿಯಾಗಿ ಬರೆದ ಕೋಡಿಗೆ ಉತ್ತರ ಸರಿಯೇ. ಆದ್ರೆ ಬೈನರಿ ದೊಡ್ಡದಾಗ್ತದೆ, ಕೆಲವು ಸಲ ಪ್ರೊಸೆಸರಿನ ಕ್ಯಾಶ್ ಮೆಮೊರಿ ಒಳಗೆ ಹಿಡಿಯದೇ ಓ2ಕ್ಕಿಂತ ನಿಧಾನವೇ ಆಗ್ತದೆ, ಮತ್ತೆ ಕೋಡಲ್ಲಿ ಅಡಗಿ ಕೂತ ತಪ್ಪುಗಳು ಇಲ್ಲೇ ಹೆಚ್ಚು ಹೊರಗೆ ಬರೋದು. 2022ರ ಜಿಸಿಸಿ 12ರಿಂದ ಲೂಪುಗಳನ್ನು ವೆಕ್ಟರೈಸ್ ಮಾಡೋದು, ಅಂದ್ರೆ ಹಲವು ಲೆಕ್ಕ ಒಟ್ಟಿಗೆ ಮಾಡೋದು, ಒಂದು ಮಟ್ಟಿಗೆ ಓ2ದಲ್ಲೇ ಉಂಟು, ಹಾಗಾಗಿ ಓ3ದ ಅಗತ್ಯ ಇನ್ನೂ ಕಮ್ಮಿ ಆಗಿದೆ. ಅಳೆದು ನೋಡಿ, ಲಾಭ ಕಂಡ್ರೆ ಆ ಒಂದು ಫೈಲಿಗೆ ಮಾತ್ರ ಹಾಕಿ.

ಓಫಾಸ್ಟ್‌ಗೆ ಕೊಟ್ಟ ಆ ಒಂದು ಮಾರ್ಕಿನ ಬಗ್ಗೆಯೂ ಹೇಳ್ಬೇಕಲ್ಲ. ಪೆರ್ಲ ಕಡೆಯ ಒಬ್ರು ಹಳೇ ಯಕ್ಷಗಾನ ಕ್ಯಾಸೆಟುಗಳ ರೆಕಾರ್ಡಿಂಗ್ ಶುದ್ಧ ಮಾಡ್ಲಿಕ್ಕೆ ಸ್ವಂತ ಫಿಲ್ಟರ್ ಬರೆದಿದ್ದಾರೆ. ಚೆಂಡೆಯ ಏಟು ನಿಂತು ಸದ್ದು ಕರಗುವಾಗ ಫಿಲ್ಟರಿನ ಒಳಗೆ ನಂಬರ್ ಸಣ್ಣ ಸಣ್ಣ ಆಗ್ತಾ ಸೊನ್ನೆಗೆ ಹತ್ರ ಹೋಗ್ತದೆ, ಆ ಅತಿ ಸಣ್ಣ ನಂಬರುಗಳ ಲೆಕ್ಕ ಹಲವು ಪ್ರೊಸೆಸರಿಗೆ ಬಹಳ ನಿಧಾನ. ಅದನ್ನು ಸೊನ್ನೆ ಮಾಡಿಬಿಟ್ಟರೆ ಕಿವಿಗೆ ಗೊತ್ತೇ ಆಗೂದಿಲ್ಲ, ಕೆಲ್ಸ ಬೇಗ ಆಗ್ತದೆ. ಅಂಥಲ್ಲಿ ಫಾಸ್ಟ್-ಮ್ಯಾತ್ ಹಾಕ್ಲಿ, ತಪ್ಪೇನಿಲ್ಲ. ಅವ್ರಿಗೆ ಗೊತ್ತುಂಟು ಎಂತ ಕೊಟ್ಟು ಎಂತ ತಗೊಳ್ತಾ ಇರೋದು ಅಂತ, ಅದನ್ನು ಬೇರೆಯವ್ರ ಪ್ರೋಗ್ರಾಮಿಗೆ ಲೈಬ್ರರಿ ಮಾಡಿ ಕೊಡೂದೂ ಇಲ್ಲ.

ನಮ್ಮ ಮೇಕ್‌ಫೈಲಲ್ಲಿ ಈಗ ಇರೋದು ಓ2, ಡೀಬಗ್ ಮಾಹಿತಿ, ವಾರ್ನಿಂಗ್ ಎಲ್ಲ ಆನ್, ಮತ್ತೆ ನೇಟಿವ್ ಬದಲು ಇಂಟೆಲ್, ಎಎಮ್‌ಡಿಯ ಎಲ್ಲ 64 ಬಿಟ್ ಮಿಶಿನ್ನಲ್ಲೂ ಓಡುವ ಮಾಮೂಲಿ ಎಕ್ಸ್86-64. ಯಾವ ಲೆವೆಲಲ್ಲಿ ಏನೇನು ಆನ್ ಆಗ್ತದೆ ಅಂತ ನೋಡ್ಬೇಕಾದ್ರೆ ಜಿಸಿಸಿಗೆ ಆ ಲೆವೆಲಿನ ಜೊತೆ ದೊಡ್ಡ ಕ್ಯೂ ಮತ್ತೆ ಹೆಲ್ಪ್ ಈಕ್ವಲ್ ಆಪ್ಟಿಮೈಜರ್ಸ್ ಅಂತ ಕೊಡಿ, ಇಡೀ ಪಟ್ಟಿ ಬರ್ತದೆ. ಉಪ್ಪಳ, ಮುಳ್ಳೇರಿಯ, ನೀರ್ಚಾಲು ಕಡೆ ಸೆನ್ಸರ್ ಕೆಲ್ಸ ಮಾಡುವ ಹುಡುಗ್ರು ತುಂಬ ಜನ ಇದ್ದೀರಿ, ನಿಮ್ಮ ಬಿಲ್ಡ್ ಫೈಲಲ್ಲಿ ಓಫಾಸ್ಟ್ ಅಂತ ಒಮ್ಮೆ ಹುಡುಕಿ, ಸಿಕ್ಕಿದ್ರೆ ಓ2 ಮಾಡಿ ಇನ್ನೊಮ್ಮೆ ಬಿಲ್ಡ್ ಮಾಡಿ, ಸೆನ್ಸರಿನ ವಯರ್ ಕಿತ್ತು ಎರಡರಲ್ಲೂ ಎಂತ ಬರ್ತದೆ ಅಂತ ಹೋಲಿಸಿ. ಅರ್ಥ ಆಗದ ವ್ಯತ್ಯಾಸ ಕಂಡ್ರೆ ಎರಡೂ ಔಟ್‌ಪುಟ್ ಇಟ್ಟುಕೊಂಡು ಬದಿಯಡ್ಕಕ್ಕೆ ಬನ್ನಿ, ಕೂತು ನೋಡುವ.